ತೊಂಬತ್ತು ಕಾಯಿಗೆ ಒಂದು ಇಂಚರ

ಚನ್ನರಾಯಪಟ್ಟಣ
೩ ಜೂನ್ ೨೦೨೪

ಇಂಚರಾ,

ಫೋನು ಮಾಡಿದರೆ ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ನೀಲಿ ಗೆರೆ ಬೀಳುತ್ತದೆ, ಉತ್ತರ ಬೀಳುವುದಿಲ್ಲ. ಅದಕ್ಕೇ ರಿಜಿಸ್ಟರ್ ಪೋಸ್ಟು. ಸಹಿ ಹಾಕಿ ತಗೋಬೇಕು, ಆ ಸಹಿಯ ಕಾರ್ಡು ನನ್ನ ಕೈಗೆ ವಾಪಸು ಬರುತ್ತದೆ. ‘ನೋಡ್ಲೇ ಇಲ್ಲ ಕಣೇ’ ಅನ್ನುವ ನಿನ್ನ ಆಟ ಈ ಸಲ ನಡೆಯಲ್ಲ.

ಹೋದ ನವೆಂಬರಿನಲ್ಲಿ ನಮ್ಮ ಕೊಬ್ಬರಿ ಪುಡಿ ಫ್ಯಾಕ್ಟರಿಗೆ ಬಂದು ಹನ್ನೊಂದು ದಿನ ಕೂತಿದ್ದೆಯಲ್ಲ, ನೆನಪಿದೆಯಾ? ಕರಟ ಬಿಡಿಸಿದ ಕಾಯಿಯ ಕಂದು ಸಿಪ್ಪೆ ಹೆರೆಯುವ ನನ್ನ ಲೈನಿನ ಇಪ್ಪತ್ತೆರಡು ಹೆಂಗಸರ ಎದುರು ಸ್ಟಾಪ್‌ವಾಚು ಹಿಡಿದು, ಒಂದೊಂದು ಕಾಯಿಗೆ ಎಷ್ಟೆಷ್ಟು ಸೆಕೆಂಡು ಅಂತ ಬರೆದುಕೊಂಡೆ. ಥೀಸಿಸ್ ಮುಗಿದ ಮೇಲೆ, ಉಪಕಾರ ಸ್ಮರಣೆ ಅಂತ, ಅದರ ಒಂದು ಪ್ರತಿಯನ್ನು ನಮ್ಮ ಮ್ಯಾನೇಜರ್ ಅಮರನಾಥ್ ಅವರಿಗೆ ಕೊಟ್ಟೆ. ಅವರು ಅದರ ತೊಂಬತ್ನಾಲ್ಕನೇ ಪುಟ ತೆಗೆದು ಗೋಡೆಗೆ ಬೋರ್ಡು ಬರೆಸಿದ್ದಾರೆ: ಗಂಟೆಗೆ ತೊಂಬತ್ತು ಕಾಯಿ. ಅದಕ್ಕೆ ಮೊದಲು ನಮ್ಮವರು ಹೆರೆಯುತ್ತಿದ್ದದ್ದು ಅರವತ್ತೈದು, ಮೈ ಚೆನ್ನಾಗಿದ್ದರೆ ಎಪ್ಪತ್ತು.

ವಾರಕ್ಕೆ ಮೂರು ದಿನ ತೊಂಬತ್ತು ಮುಟ್ಟದಿದ್ದರೆ ಒಂದು ನೋಟೀಸು. ಮೂರು ನೋಟೀಸಾದರೆ ಆಗಸ್ಟ್ ಒಂದನೇ ತಾರೀಖು ಅಂಟಿಸುವ ಕೆಲಸದವರ ಹೊಸ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ನೋಟೀಸು ಕೊಡುವ ಕೈ ನನ್ನದೇ, ನಾನಲ್ಲವಾ ಸೂಪರ್‌ವೈಸರು! ದಂಡಿಗನಹಳ್ಳಿಯ ಜಯಲಕ್ಷ್ಮಮ್ಮನನ್ನು ಮರೆತಿರಲಾರೆ, ನಿನಗೆ ದಿನಾ ಎಳೆಗಾಯಿಯ ಚೂರು ಎತ್ತಿಡುತ್ತಿದ್ದಳಲ್ಲ. ಐವತ್ನಾಲ್ಕು ವರ್ಷ, ಗಂಡ ಇಲ್ಲ. ಅವಳಿಗೆ ಆಗಲೇ ಒಂದು ನೋಟೀಸು ಕೊಟ್ಟಿದ್ದೇನೆ.

ಇನ್ನೊಂದು ವಿಷಯ. ಈಗ ಲೈನಿನಲ್ಲಿ ಯಾರೂ ತೊಂಬತ್ತು ಅನ್ನುವುದಿಲ್ಲ. ‘ಇಂಚರ ಆಯ್ತೇನಕ್ಕ?’ ಅಂತ ಕೇಳುತ್ತಾರೆ. ‘ಇಲ್ಲ ಕಣವ್ವ, ಇನ್ನೂ ಮುಕ್ಕಾಲು ಇಂಚರ’ ಅನ್ನುತ್ತಾರೆ. ಹೊಳೆನರಸೀಪುರದ ಅರ್ಚಕರು ತಿರುನಾರಾಯಣ ಮಾಮ ಮಗಳಿಗೆ ಹಕ್ಕಿಯ ಉಲಿ ಅಂತ ಪ್ರೀತಿಯಿಂದ ಇಟ್ಟ ಹೆಸರು ಕಣೇ ಅದು.

ಅಮರನಾಥ್‌ಗೆ ಒಂದು ಕಾಗದ ಬರಿ. ತೊಂಬತ್ತು ಸರಿಯಿಲ್ಲ ಅಂತ. ಅಷ್ಟೇ ಕೇಳುವುದು.

ಉತ್ತರಕ್ಕೆ ಕಾದು ಕೂತಿರುವ
ನೀಲಾಂಬಿಕೆ


ಹಾಸನ
೧೨ ಜೂನ್ ೨೦೨೪

ಪ್ರಿಯ ನೀಲಾ,

ಫೋನು ಎತ್ತದ್ದಕ್ಕೆ ಕ್ಷಮಿಸು. ಆಗಸ್ಟ್ ಎರಡಕ್ಕೆ ನನ್ನ ವೈವಾ, ಅಂದರೆ ಪರೀಕ್ಷಕರ ಎದುರು ಕೂತು ಥೀಸಿಸ್ಸಿಗೆ ಉತ್ತರ ಹೇಳುವ ದಿನ. ಆರು ವರ್ಷದ ಕೆಲಸ. ಇದಾಗದಿದ್ದರೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿಯೇ ಮುದುಕಿಯಾಗಬೇಕು.

‘ಸರಿಯಿಲ್ಲ’ ಅಂತ ನಾನು ಹೇಗೆ ಬರೆಯಲಿ? ನಾನು ನೋಡಿದ್ದನ್ನು ಬರೆದಿದ್ದೇನೆ. ಸಾವಿರದ ಇನ್ನೂರು ಕಾಯಿಗಳನ್ನು ಅಳೆದಿದ್ದೇನೆ. ಸರಾಸರಿ ಮೂವತ್ತನಾಲ್ಕು ಸೆಕೆಂಡು. ಕೈ ತೊಳೆಯಲು, ಚಾಕು ಮಸೆಯಲು, ನೀರು ಕುಡಿಯಲು ಬಿಡುವು ಕಳೆದರೆ ಗಂಟೆಗೆ ತೊಂಬತ್ತು. ಗಡಿಯಾರಕ್ಕೆ ಯಾರ ಮೇಲೂ ದ್ವೇಷವಿಲ್ಲ ನೀಲಾ. ನೂರಿಪ್ಪತ್ತು ವರ್ಷದ ಹಿಂದೆ ಅಮೆರಿಕದ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣ ಹೊರುವವರ ಎದುರು ಒಬ್ಬ ಎಂಜಿನಿಯರು ಮೊದಲು ಸ್ಟಾಪ್‌ವಾಚು ಹಿಡಿದು ನಿಂತದ್ದು ಯಾಕೆ ಅಂದುಕೊಂಡೆ? ಅಲ್ಲಿಯವರೆಗೆ ಮೇಸ್ತ್ರಿ ಕೂಗಿದ್ದೇ ಕಾನೂನಾಗಿತ್ತು. ಅವನ ಕಣ್ಣಿಗೆ ಬೇಕಾದವನು ಕೆಲಸಗಾರ, ಬೇಡವಾದವನು ಸೋಮಾರಿ. ಅಳತೆ ಬಂದ ಮೇಲೆ ಆ ಕೂಗಾಟ ನಿಂತಿತು. ನನ್ನ ಎರಡನೇ ಅಧ್ಯಾಯವೇ ಅದು.

ಇನ್ನೊಂದು ಮಾತು. ಗಂಟೆಗೆ ಹತ್ತು ನಿಮಿಷ ಕೈಗೆ ಪೂರಾ ವಿಶ್ರಾಂತಿ ಕೊಡಬೇಕು ಅಂತ ತೊಂಬತ್ತೇಳನೇ ಪುಟದಲ್ಲಿ ಬರೆದಿದ್ದೇನೆ. ಅಮರನಾಥ್ ಅದನ್ನು ಬಿಟ್ಟು ಇದನ್ನು ಮಾತ್ರ ತಗೊಂಡರೆ ಅದು ನನ್ನ ತಪ್ಪಲ್ಲ.

ಜಯಲಕ್ಷ್ಮಮ್ಮನವರಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ಇಂಚರ


ಚನ್ನರಾಯಪಟ್ಟಣ
೧೭ ಜೂನ್ ೨೦೨೪

ಡಾಕ್ಟರಮ್ಮನವರೇ,

ನಿಮ್ಮ ನಮಸ್ಕಾರ ತಲುಪಿಸಿದೆ. ಅದರ ಜೊತೆಗೆ ಎರಡನೇ ನೋಟೀಸನ್ನೂ ತಲುಪಿಸಿದೆ. ಜಯಕ್ಕ ಎರಡನ್ನೂ ಸೆರಗಿನ ಗಂಟಿಗೆ ಸೇರಿಸಿಕೊಂಡಳು.

ಮೇಸ್ತ್ರಿ ಕೂಗಿದರೆ ತಿರುಗಿ ಕೂಗಬಹುದಿತ್ತು ಕಣೇ. ನಮ್ಮ ಹಳೇ ಮೇಸ್ತ್ರಿ ರಾಮಣ್ಣನಿಗೆ ಇದೇ ಜಯಕ್ಕ, ‘ಬಾರಪ್ಪ, ನೀನೇ ಕುಂತ್ಕಂಡು ಒಂದ್ ನಾಕು ಹೆರ್ದು ತೋರ್ಸು, ಆಮೇಕೆ ಬಾಯ್ ಮಾಡೀಯಂತೆ’ ಅಂದಿದ್ದಳು. ಅವನು ನಕ್ಕು ಹೊರಟುಹೋಗಿದ್ದ. ಈಗ ಬೋರ್ಡಿಗೆ ಏನಂತ ಕೂಗುವುದು? ಮಾತಾಡಿದರೆ ಅಮರನಾಥ್, ‘ನಾನ್ ಹೇಳ್ತಿಲ್ಲಮ್ಮ, ಸಂಶೋಧನೆ ಹೇಳ್ತಿದೆ’ ಅನ್ನುತ್ತಾರೆ. ಅವರು ಕೆಟ್ಟವರಲ್ಲ. ಅದೇ ನನಗೆ ಹೆಚ್ಚು ಭಯ. ನಿಜವಾಗಿಯೂ ನಂಬಿಬಿಟ್ಟಿದ್ದಾರೆ.

ತೊಂಬತ್ತೇಳನೇ ಪುಟ ಇಲ್ಲಿ ಯಾರೂ ನೋಡಿಲ್ಲ. ಮ್ಯಾನೇಜರುಗಳು ಥೀಸಿಸ್ ಓದುತ್ತಾರೆ ಅಂದುಕೊಂಡೆಯಾ? ಅಂಕಿಯಿರುವ ಚೌಕ ಹುಡುಕುತ್ತಾರೆ, ಅದು ಸಿಕ್ಕ ಮೇಲೆ ಪುಸ್ತಕ ಮುಚ್ಚುತ್ತಾರೆ.

ನಿನ್ನ ವೈವಾ ಆಗಸ್ಟ್ ಎರಡಕ್ಕೆ, ನಮ್ಮ ಪಟ್ಟಿ ಆಗಸ್ಟ್ ಒಂದಕ್ಕೆ. ಒಂದು ದಿನ ಮುಂಚೆ. ನೆನಪಿರಲಿ.

ನೀಲಾಂಬಿಕೆ


(ಅಂಚೆ ಕಾರ್ಡು)
ಹಾಸನ
೨೪ ಜೂನ್ ೨೦೨೪

ನೀಲಾ, ನನ್ನ ಗೈಡು ಮುರಳೀಕೃಷ್ಣ ಸರ್ ಹತ್ತಿರ ಮಾತಾಡಿದೆ. ‘ಈಗ ಏನೂ ಬರೆಯಬೇಡ, ಒಂದು ಸಾಲು ಬರೆದರೂ ಪರೀಕ್ಷಕರು ಅದನ್ನೇ ಹಿಡಿದು ಜಗ್ಗುತ್ತಾರೆ. ವೈವಾ ಆಗಲಿ, ಆಮೇಲೆ ನೋಡೋಣ’ ಅಂದರು. ದಯವಿಟ್ಟು ಸ್ವಲ್ಪ ತಡಿ. — ಇಂಚರ


ಚನ್ನರಾಯಪಟ್ಟಣ
೧೩ ಜುಲೈ ೨೦೨೪, ಶನಿವಾರ

ಇಂಚರಾ,

ತಡೆದೆ. ನಿನ್ನೆ ಮಧ್ಯಾಹ್ನ ಮೂರೂ ಕಾಲಿಗೆ ಜಯಕ್ಕನ ಎಡಗೈ ಹೆಬ್ಬೆರಳ ತುದಿ ಹೋಯಿತು.

ಹೇಗಾಯಿತು ಅಂತ ನೀನೇ ಕೇಳುತ್ತೀಯ, ಬರೆಯುತ್ತೇನೆ, ಬರಕೋ. ಎರಡು ಗಂಟೆಗೆ ಅವಳದು ಎಂಬತ್ತೊಂದು ಇತ್ತು. ಮೂರಕ್ಕೆ ಎಂಬತ್ನಾಲ್ಕು. ಈ ವಾರದಲ್ಲಿ ಎರಡು ದಿನ ಆಗಲೇ ತಪ್ಪಿತ್ತು, ನಿನ್ನೆಯೂ ತಪ್ಪಿದರೆ ಮೂರನೇ ನೋಟೀಸು. ಹೆಬ್ಬೆರಳಿಗೆ ಸುತ್ತಿಕೊಳ್ಳುವ ಬಟ್ಟೆ ಒದ್ದೆಯಾಗಿ ಜಾರುತ್ತಿತ್ತು. ಬಿಚ್ಚಿ ಕಟ್ಟಿಕೊಳ್ಳುವುದಕ್ಕೆ ಒಂದು ನಿಮಿಷ ಬೇಕು. ಆ ಒಂದು ನಿಮಿಷ ಉಳಿಸಲು ಬಟ್ಟೆ ಕಿತ್ತೆಸೆದು ಬರಿ ಬೆರಳಲ್ಲಿ ಹಿಡಿದಳು. ಕೂಗಲೂ ಇಲ್ಲ. ಮುಂದಿನ ಕಾಯಿ ತಗೊಂಡು ಹೆರೆಯೋಕೆ ಹೊರಟಿದ್ದಳು, ಬಿಳೀ ಕಾಯಿ ಕೆಂಪಾದದ್ದನ್ನು ಪಕ್ಕದ ಮಾನಸಾ ನೋಡಿ ಕಿರುಚಿಕೊಂಡಳು.

ಆಸ್ಪತ್ರೆಗೆ ಆಟೋದಲ್ಲಿ ನಾನೇ ಕರಕೊಂಡು ಹೋದೆ. ಕೈ ನನ್ನ ಮಡಿಲಲ್ಲಿತ್ತು. ದಾರಿಯಲ್ಲಿ ಅವಳು ಕೇಳಿದ ಮಾತು ಅಕ್ಷರಕ್ಕೆ ಅಕ್ಷರ ಬರೆಯುತ್ತಿದ್ದೇನೆ: ‘ನೀಲವ್ವ, ಆ ಇಂಚರವ್ವ ಪಾಸಾಯ್ತಾ? ಅದ್ರು ಪರೀಕ್ಸೆ ರಿಜಲ್ಟು ಬಂತಾ? ನಾವ್ ಅಷ್ಟ್ ಬಿರ್ರನೆ ಹೆರ್ದಿದ್ಕೆ ಒಳ್ಳೆ ಮಾರ್ಕ್ಸು ಕೊಟ್ಟಿರ್ಬೇಕು ಕಣವ್ವ.’

ಅರ್ಥವಾಯಿತೇನೇ? ಮೊದಲ ದಿನ ನೀನು ಲೈನಿನ ಎದುರು ಕೈ ಮುಗಿದು ಏನಂದೆ? ‘ನೀವು ಎಷ್ಟು ಹೊತ್ತಿಗೆ ಎಷ್ಟು ಹೆರೀತೀರ ಅಂತ ಪರೀಕ್ಷೆ ಮಾಡ್ತೀನಿ, ನನ್ನ ಡಾಕ್ಟರೇಟಿಗೆ’ ಅಂದೆ. ಅವರು ಕೇಳಿಸಿಕೊಂಡದ್ದು: ಇದು ಇಂಚರವ್ವನ ಪರೀಕ್ಷೆ. ನಾವು ಬೇಗ ಹೆರೆದರೆ ಪಾಸು, ನಿಧಾನ ಮಾಡಿದರೆ ಫೇಲು. ಹನ್ನೊಂದು ದಿನ ಇಪ್ಪತ್ತೆರಡು ಹೆಂಗಸರು ನಿನ್ನನ್ನು ಪಾಸು ಮಾಡಿಸಲು ಹೆರೆದರು. ಅದನ್ನು ನೀನು ಸರಾಸರಿ ಅಂತ ಬರೆದೆ.

ಅವಳಿಗೆ ನಾನು ಏನು ಹೇಳಲಿ? ನೀನೇ ಹೇಳು. ಅರಕಲಗೂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಳೆ. ರಜೆಯಲ್ಲಿದ್ದರೂ ಗಂಟೆಗೆ ತೊಂಬತ್ತು ಮುಟ್ಟಿಲ್ಲ ಅಂತಲೇ ಲೆಕ್ಕ. ಮೂರನೇ ನೋಟೀಸು ಟೈಪಾಗಿ ನನ್ನ ಮೇಜಿನ ಮೇಲಿದೆ.

ಸಹಿ ಹಾಕಲು ಕೈ ಬರದ
ನೀಲಾಂಬಿಕೆ


ಹಾಸನ
೧೮ ಜುಲೈ ೨೦೨೪

ನೀಲಾ,

ನಿನ್ನ ಕಾಗದ ಓದಿ ಎರಡು ದಿನ ಕಾಲೇಜಿಗೆ ಹೋಗಲಿಲ್ಲ. ಮೊದಲು ಅನುಮಾನ ಬಂತು, ನೀನು ಸಿಟ್ಟಿನಲ್ಲಿ ಬಣ್ಣ ಕಟ್ಟುತ್ತಿದ್ದೀಯ ಅಂತ. ನಿಜ ಹೇಳುತ್ತಿದ್ದೇನೆ, ಹಾಗೇ ಅಂದುಕೊಂಡೆ. ಆಮೇಲೆ ಆ ಹನ್ನೊಂದು ದಿನದ ನನ್ನ ಡೈರಿ ತೆಗೆದೆ.

ನವೆಂಬರ್ ಇಪ್ಪತ್ತು, ಮೊದಲನೇ ದಿನ. ನನ್ನದೇ ಕೈಬರಹ: ‘ಜಯಲಕ್ಷ್ಮಮ್ಮ ನಗುತ್ತಾ, ಪಾಸ್ ಮಾಡುಸ್ತೀವಿ ಬುಡವ್ವ, ಎದ್ರುಕಾ ಬ್ಯಾಡ, ಅಂದರು.’ ಇಪ್ಪತ್ತನಾಲ್ಕನೇ ತಾರೀಖು: ‘ಒಬ್ಬಾಕೆ ಪಕ್ಕದವಳಿಗೆ, ಬಿರ್ನೆ ಮಾಡೇ, ಅವಳ್ ಬರ್ಕಂತಾವ್ಳೆ, ಅಂದಳು.’ ಇಡೀ ಡೈರಿಯಲ್ಲಿ ಇಂಥವು ಒಂಬತ್ತು ಕಡೆ ಇವೆ. ಒಂಬತ್ತರ ಪಕ್ಕದಲ್ಲೂ ಅಂಚಿನಲ್ಲಿ ನಾನು ಒಂದೇ ಪದ ಬರೆದಿದ್ದೇನೆ: ಹರಟೆ. ಹರಟೆ ಅಂತ ಬರೆದದ್ದನ್ನು ಥೀಸಿಸ್ಸಿಗೆ ತಗೊಳ್ಳಲಿಲ್ಲ. ಸೆಕೆಂಡುಗಳನ್ನು ತಗೊಂಡೆ.

ಇನ್ನೂ ನಾಚಿಕೆಯ ಮಾತು ಹೇಳಲೇ? ಎಂಬಿಎ ಮಕ್ಕಳಿಗೆ ಪ್ರತಿ ವರ್ಷ ನಾನು ದೀಪದ ಕಥೆ ಪಾಠ ಮಾಡುತ್ತೇನೆ. ಸ್ಟಾಪ್‌ವಾಚಿನವನ ಕಾಲ ಆದಮೇಲೆ, ನೂರು ವರ್ಷದ ಹಿಂದೆ, ಒಂದು ಕಾರ್ಖಾನೆಯಲ್ಲಿ ಸಂಶೋಧಕರು ದೀಪದ ಬೆಳಕು ಹೆಚ್ಚಿಸಿದರಂತೆ, ಕೆಲಸ ಹೆಚ್ಚಾಯಿತು. ಬೆಳಕು ಇಳಿಸಿದರಂತೆ, ಆಗಲೂ ಹೆಚ್ಚಾಯಿತು. ಬೆಳಕಿಗಲ್ಲ, ತಮ್ಮನ್ನು ಯಾರೋ ನೋಡುತ್ತಿದ್ದಾರೆ ಅನ್ನುವುದಕ್ಕೆ ಅವರು ದುಡಿದರು ಅಂತ ಹೇಳಿ ಬೋರ್ಡಿನ ಮೇಲೆ ಗೆರೆ ಎಳೆಯುತ್ತೇನೆ. ಆ ಅಂಕಿಗಳ ಬಗ್ಗೆ ಆಮೇಲೆ ಬಂದವರು ಎತ್ತಿದ ತಕರಾರನ್ನೂ ಹೇಳುತ್ತೇನೆ. ಪರೀಕ್ಷೆಗೆ ಹತ್ತು ಅಂಕದ ಪ್ರಶ್ನೆ ಅದು. ನನ್ನ ಎದುರಿಗೇ ನಡೆದಾಗ ನನಗೆ ಕಾಣಲಿಲ್ಲ.

ಈಗ ಒಂದು ಕೇಳಲೇಬೇಕು, ಸಿಟ್ಟು ಮಾಡಬೇಡ. ಆ ಹನ್ನೊಂದು ದಿನವೂ ನೀನು ಅಲ್ಲೇ ಇದ್ದೆ. ಅರವತ್ತೈದು ಹೆರೆಯುವವರು ತೊಂಬತ್ತು ಹೆರೆದದ್ದನ್ನು ದಿನಾ ನೋಡಿದೆ. ನಿನಗೆ ಗೊತ್ತಿತ್ತಾ?

ಇಂಚರ


ಚನ್ನರಾಯಪಟ್ಟಣ
೨೨ ಜುಲೈ ೨೦೨೪

ಇಂಚರಾ,

ಗೊತ್ತಿತ್ತು.

ಎರಡನೇ ದಿನವೇ ಗೊತ್ತಾಯಿತು. ಊಟದ ಶೆಡ್ಡಿನಲ್ಲಿ ಜಯಕ್ಕ ಎಲ್ಲರನ್ನೂ ಕೂರಿಸಿಕೊಂಡು, ‘ಐನೋರ್ ಮಗ ಕಣ್ರವ್ವ, ನಮ್ ನೀಲವ್ವನ್ ಜೊತೆ ಓದ್ದೋಳು, ನಮ್ ಕೈಲಾಗ್ದೆ ಫೇಲಾಗ್ಬಾರ್ದು’ ಅಂತ ಅಪ್ಪಣೆ ಕೊಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಕೇಳಿದೆ. ನಗು ಬಂತು. ತಿದ್ದಲಿಲ್ಲ.

ಯಾಕೆ ಅಂತ ಕೇಳುತ್ತೀಯ. ಹೊಳೆನರಸೀಪುರದಲ್ಲಿ ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆ ನೆನಪು ಮಾಡಿಕೋ. ಮುಂದಿನ ಬೆಂಚಿನಲ್ಲಿ ನೀನು, ಹಿಂದೆ ನಾನು. ನೀನು ಉತ್ತರಪತ್ರಿಕೆ ಓರೆ ಮಾಡಿ ಹಿಡಿದೆ. ಮೂವತ್ತೇಳು ಅಂಕ ಬಂತು ನನಗೆ. ಅದು ಬರದಿದ್ದರೆ ನಮ್ಮಪ್ಪ ರುದ್ರಯ್ಯ ಅಂಗಡಿಯಲ್ಲಿ ಕೂರಿಸಿ ಆ ವರ್ಷವೇ ಮದುವೆ ಮಾಡುತ್ತಿದ್ದರು. ಈ ಸೂಪರ್‌ವೈಸರ್ ಕುರ್ಚಿ ಆ ಓರೆ ಕಾಗದದಿಂದ ಬಂದದ್ದು ಕಣೇ. ಊಟದ ಶೆಡ್ಡಿನ ಬಾಗಿಲಲ್ಲಿ, ಸದ್ಯ, ಇಂಚರಳ ಋಣ ತೀರಿತು ಅಂದುಕೊಂಡೆ. ತೀರಿಸಿದ್ದು ನಾನಾ? ಜಯಕ್ಕನ ಹೆಬ್ಬೆರಳು ತೀರಿಸಿತು. ಎರಡು ತಿಂಗಳಿಂದ ನಿನ್ನ ಮೇಲೆ ಹಾರಾಡಿದ್ದರಲ್ಲಿ ಅರ್ಧ ನನ್ನ ಮೇಲಿನ ಸಿಟ್ಟು.

ಇದರ ಜೊತೆ ಹಾಜರಿ ಪುಸ್ತಕದ ಒಂದು ಪುಟದ ಜೆರಾಕ್ಸ್ ಇದೆ. ನೀನು ಹೊರಟದ್ದು ಡಿಸೆಂಬರ್ ಒಂದು, ಶುಕ್ರವಾರ. ಮರುದಿನ ಶನಿವಾರ ನೋಡು. ಇಪ್ಪತ್ತೆರಡರಲ್ಲಿ ಹದಿನಾಲ್ಕು ಜನ ರಜೆ. ಕಾರಣದ ಕಡೆ ‘ಕೈ ನೋವು’, ‘ಕೈ ನೋವು’, ‘ಮೈ ಕೈ ನೋವು’. ಯಾವ ಸಂಶೋಧಕಿಯೂ ಮರುದಿನ ಬಂದು ನೋಡುವುದಿಲ್ಲ ಅಂತ ಕಾಣುತ್ತೆ.

ಬೇಕಾದರೆ ಉಪಯೋಗಿಸು, ಬೇಡದಿದ್ದರೆ ಹರಿದುಹಾಕು. ಇನ್ನು ಒತ್ತಾಯ ಮಾಡುವ ಬಾಯಿ ನನಗಿಲ್ಲ.

ನೀಲಾ


ಹಾಸನ
೩ ಆಗಸ್ಟ್ ೨೦೨೪

ನೀಲಾ,

ಕ್ರಮವಾಗಿ ಹೇಳುತ್ತೇನೆ, ಇಲ್ಲದಿದ್ದರೆ ಅಳು ಬರುತ್ತದೆ.

ಜುಲೈ ಇಪ್ಪತ್ತೆಂಟು, ಭಾನುವಾರ, ಅರಕಲಗೂಡಿಗೆ ಹೋಗಿದ್ದೆ. ಜಯಕ್ಕ ಜಗುಲಿಯಲ್ಲಿ ಕೂತು ಮೊಮ್ಮಗಳಿಗೆ ಒಂದೇ ಕೈಯಲ್ಲಿ ಜಡೆ ಹಾಕಲು ನೋಡುತ್ತಿದ್ದರು. ನನ್ನನ್ನು ಕಂಡ ಕೂಡಲೇ, ‘ಬಾ ಮಗಾ, ಪಾಸಾದಾ?’ ಅಂದರು. ಕಾಲಿಗೆ ಬಿದ್ದೆ. ತಪ್ಪಾಯಿತು ಅನ್ನಲು ಬಾಯಿ ತೆರೆದರೆ ‘ಶುಕ್ರವಾರ ಪರೀಕ್ಷೆ’ ಅಂತ ಬಂತು. ‘ಓ, ಇನ್ನೂ ಆಗಿಲ್ವಾ, ಚೆಂದಾಗ್ ಬರಿ’ ಅಂತ ಬ್ಯಾಂಡೇಜಿನ ಕೈಯನ್ನು ತಲೆ ಮೇಲಿಟ್ಟರು. ಇಷ್ಟು ವರ್ಷ ಓದಿದ್ದಕ್ಕೆ ಅವತ್ತು ನನಗೆ ಸಿಕ್ಕ ಮರ್ಯಾದೆ ಅದು.

ಸೋಮವಾರ ಅಮರನಾಥ್‌ಗೆ ಕಾಗದ ಬರೆದು, ಡೈರಿಯ ಒಂಬತ್ತು ಪುಟ ಮತ್ತು ನಿನ್ನ ಹಾಜರಿ ಪುಟ ಸೇರಿಸಿ, ಬಸ್ಸಿನಲ್ಲಿ ಬಂದು ನಾನೇ ಗೇಟಿನಲ್ಲಿ ಕೊಟ್ಟೆ. ನಿನ್ನನ್ನು ನೋಡುವ ಧೈರ್ಯ ಬರಲಿಲ್ಲ. ಅದರ ಪ್ರತಿಯನ್ನು ಮುರಳೀಕೃಷ್ಣ ಸರ್‌ಗೂ ಕೊಟ್ಟೆ. ಅವರು ಓದಿ, ‘ನಾಲ್ಕು ದಿನ ಬಾಯಿ ಮುಚ್ಚಿಕೊಂಡಿರೋಕಾಗ್ಲಿಲ್ವೇನಮ್ಮ?’ ಅಂದರು. ‘ನಾಲ್ಕು ದಿನದಲ್ಲಿ ಅಲ್ಲಿ ಪಟ್ಟಿ ಅಂಟಿಸ್ತಾರೆ ಸರ್’ ಅಂದೆ. ಎದ್ದು ಹೋದರು.

ನಿನ್ನೆ ವೈವಾ. ಪರೀಕ್ಷಕರು ತೊಂಬತ್ನಾಲ್ಕನೇ ಪುಟಕ್ಕೆ ಬಂದು, ‘ಬಹಳ ಅಚ್ಚುಕಟ್ಟಾದ ಅಂಕಿಅಂಶ’ ಅಂತ ಹೊಗಳಿದರು. ಅಲ್ಲಿ ಸುಮ್ಮನಿದ್ದರೆ ಮುಗಿದಿತ್ತು. ನಾನು, ‘ಇದು ಕೆಲಸದ ವೇಗ ಅಲ್ಲ ಸರ್, ನನ್ನ ಮೇಲಿನ ಪ್ರೀತಿಯ ವೇಗ. ನಾನು ತಪ್ಪು ಅಳೆದಿದ್ದೇನೆ’ ಅಂದೆ. ಒಬ್ಬರು ನಕ್ಕರು. ಇನ್ನೊಬ್ಬರು ಪೆನ್ನು ಕೆಳಗಿಟ್ಟರು. ಅರ್ಧ ಗಂಟೆ ಹೊರಗೆ ಕೂರಿಸಿ ಒಳಗೆ ಕರೆದು ಹೇಳಿದರು: ಎರಡು ಅಧ್ಯಾಯ ಹೊಸದಾಗಿ ಮಾಡಬೇಕು, ಮತ್ತೆ ಅಳೆಯಬೇಕು, ಒಂದು ವರ್ಷದೊಳಗೆ ಮತ್ತೆ ಸಲ್ಲಿಸಬೇಕು. ಅಮ್ಮನಿಗೆ ಇನ್ನೂ ಹೇಳಿಲ್ಲ, ಹೋಳಿಗೆ ಮಾಡಿಟ್ಟುಕೊಂಡು ಕಾಯುತ್ತಿದ್ದಳು, ತಿಂದೆ.

ಪಟ್ಟಿ ಏನಾಯಿತು? ಕೇಳಲೂ ಹೆದರಿಕೆ. ಜಯಕ್ಕನಿಗೆ ರಿಸಲ್ಟು ನೀನೇ ಹೇಳಿಬಿಡು. ಫೇಲು ಅಂತಲೇ ಹೇಳು, ಬೇರೆ ಪದ ಬೇಡ.

ಇಂಚರ


ಚನ್ನರಾಯಪಟ್ಟಣ
೧೦ ಆಗಸ್ಟ್ ೨೦೨೪

ಇಂಚರಾ,

ಪಟ್ಟಿ ಅಂಟಿಸಲಿಲ್ಲ. ಮೊದಲು ಅದನ್ನು ಹೇಳಿ ನಿನ್ನ ಉಸಿರು ಬಿಡಿಸುತ್ತೇನೆ.

ನಿನ್ನ ಕಾಗದ ಓದಿ ಅಮರನಾಥ್ ನನ್ನನ್ನು ಕರೆಸಿದರು. ಮುಖ ಕೆಂಡ. ‘ಸೈನ್ಸು ಅಂತ ನಂಬಿ ಬೋರ್ಡ್ ಬರೆಸ್ದೆ, ಈಗ ಸೈನ್ಸೇ ತಪ್ಪು ಅಂದ್ರೆ ನಾನ್ ಯಾರನ್ ನಂಬ್ಲಿ ರೀ?’ ಅಂದರು. ನಾನು ಹಾಜರಿ ಪುಸ್ತಕದ ಅಸಲು ಅವರ ಮುಂದಿಟ್ಟೆ. ಅದರ ಮೇಲೆ ನನ್ನದೂ ಒಂದು ಕಾಗದ ಇಟ್ಟೆ, ಹೆಂಗಸರು ಹೀಗೆ ತಿಳಿದಿದ್ದರು, ನನಗೆ ಗೊತ್ತಿದ್ದೂ ತಿದ್ದಲಿಲ್ಲ, ಅಂತ ಬರೆದು ಸಹಿ ಹಾಕಿ. ಬಹಳ ಹೊತ್ತು ಹದಿನಾಲ್ಕು ‘ಕೈ ನೋವು’ ಓದಿದರು. ಆಮೇಲೆ ನನಗೂ ಒಂದು ನೋಟೀಸು ಕೊಟ್ಟರು. ಇರಲಿ, ಬಂದದ್ದು ಸರಿಯಾಗಿಯೇ ಬಂತು.

ಅವರ ಷರತ್ತು ಇಷ್ಟು. ಪಟ್ಟಿ ಸೆಪ್ಟೆಂಬರ್ ಕೊನೆಗೆ ಮುಂದಕ್ಕೆ. ಹಳೇ ನೋಟೀಸು ಯಾವುದೂ ಲೆಕ್ಕಕ್ಕಿಲ್ಲ. ಆದರೆ ಕೆಡಿಸಿದವಳೇ ಬಂದು ಮತ್ತೆ ಅಳೆಯಬೇಕು, ಈ ಸಲ ತಿಂಗಳು ಪೂರ್ತಿ, ಮರುದಿನದ ಹಾಜರಿಯೂ ಸೇರಿ. ಬಂದ ಸಂಖ್ಯೆ ಎಷ್ಟಾದರೂ ಅದೇ ಬೋರ್ಡಿಗೆ. ಅರವತ್ತು ಬಂದರೂ ಅದೇ, ಎಂಬತ್ತು ಬಂದರೂ ಅದೇ. ಹಾಗಾಗಿ ಗೆದ್ದೆವು ಅಂತ ಕುಣಿಯುವ ಹಾಗಿಲ್ಲ. ಎಂಬತ್ತು ಬಂದರೆ ಜಯಕ್ಕ ಮತ್ತೆ ಹೊರಗೆ.

ಬೋರ್ಡಿನಿಂದ ತೊಂಬತ್ತು ಅಳಿಸಿದ್ದಾರೆ. ಅಭ್ಯಾಸ ಬಲ, ಹೆಂಗಸರು ಈಗಲೂ ‘ಇಂಚರ ಆಯ್ತಾ?’ ಅನ್ನುತ್ತಾರೆ. ಒಂದು ಇಂಚರ ಅಂದರೆ ಎಷ್ಟು ಅಂತ ಮಾತ್ರ ಈಗ ಯಾರಿಗೂ ಗೊತ್ತಿಲ್ಲ.

ಗುರುವಾರದಿಂದ ಜಯಕ್ಕ ಬರುತ್ತಿದ್ದಾಳೆ. ಬೆರಳು ಮೊಂಡಾಗಿದೆ, ಮೆಲ್ಲಗೆ ಹೆರೆಯುತ್ತಾಳೆ. ನಿನ್ನೆ ಊಟದ ಶೆಡ್ಡಿನಲ್ಲಿ ಎಲ್ಲರ ಎದುರು ನಿನ್ನ ಕಾಗದ ಓದಿದೆ. ‘ಪರೀಕ್ಷೆ’ ಅಂದರೆ ಅದಲ್ಲ, ಇದು ಅಂತ ಎಂಟು ತಿಂಗಳು ತಡವಾಗಿ ಬಿಡಿಸಿ ಹೇಳಿದೆ. ಕೊನೆಗೆ, ಫೇಲು ಅಂದೆ. ನೀನು ಹೇಳಿದ ಪದವನ್ನೇ ಹೇಳಿದೆ. ಜಯಕ್ಕ ಮುದ್ದೆ ಬಟ್ಟಲು ಪಕ್ಕಕ್ಕಿಟ್ಟಳು. ಕಣ್ಣೊರೆಸಿಕೊಂಡು ಮಾತಾಡಿದಳು.

ಸೆಪ್ಟೆಂಬರ್ ಎರಡು, ಸೋಮವಾರ, ಬೆಳಿಗ್ಗೆ ಎಂಟೂವರೆಗೆ ಗೇಟಿನ ಹತ್ತಿರ ನಿಂತಿರುತ್ತೇನೆ. ತಪ್ಪಿಸಿಕೊಂಡೀಯೆ, ಜೋಕೆ. ಜಯಕ್ಕ ಹೇಳಿದ್ದನ್ನು ಹಾಗೇ ಬರೆದು ಮುಗಿಸುತ್ತೇನೆ, ಈ ಸಲ ಹರಟೆ ಅಂತ ಅಂಚಿನಲ್ಲಿ ಬರೀಬೇಡ:

‘ನಮ್ದೇ ತಪ್ಪು ಕಣವ್ವ. ಮಗೀಗೆ ಕಾಪಿ ಹೊಡ್ಸಿ ಪಾಸ್ ಮಾಡ್ಸಕ್ಕೋಗಿ ಸಿಕ್ಕಾಕಂಡ್ವಿ. ಬರಕ್ಕೇಳವ್ವ, ಇನ್ನೊಂದ್ಸಲ ಕಟ್ಲಿ. ಈ ಕಿತ ಅದ್ರು ಪರೀಕ್ಸೆ ಅದೇ ಬರ್ಕಳ್ಳಿ, ನಾವ್ ನಮ್ ಪಾಡಿಗೆ ಹೆರ್ಕಂಡಿರ್ತೀವಿ.’

ನಿನ್ನ
ನೀಲಿ